ಎಲ್ಲೋ ಕೇಳಿದ ಹೆಸರು

ಮಹಜರೀನ್ ಬನಾಜಿ ಮತ್ತು ಆಂಥನಿ ಗ್ರೀನ್‌ವಾಲ್ಡ್ ಬರೆದ 'ಬ್ಲೈಂಡ್‌ಸ್ಪಾಟ್' 2013ರಲ್ಲಿ ಬಂದ ಪುಸ್ತಕ. ಬನಾಜಿ ಸಿಕಂದರಾಬಾದಿನವರು, ನಿಜಾಮ್ ಕಾಲೇಜು ಮತ್ತು ಉಸ್ಮಾನಿಯಾದಲ್ಲಿ ಓದಿದವರು. ನಮ್ಮ ಹೈದರಾಬಾದಿನ ಓದುಗರಿಗೆ ಇದೊಂದು ಹೆಚ್ಚಿನ ಆಸಕ್ತಿ. ಪುಸ್ತಕ ಹೆಸರಾದದ್ದು ಅದರೊಳಗಿನ ಪರೀಕ್ಷೆಗಳಿಂದ. ಪದಗಳನ್ನು ಬೇಗಬೇಗ ಎಡಕ್ಕೆ, ಬಲಕ್ಕೆ ವಿಂಗಡಿಸುತ್ತ ಹೋದರೆ ಗಂಡು ಕಚೇರಿಗೆ, ಹೆಣ್ಣು ಮನೆಗೆ ಎಷ್ಟು ಸಲೀಸಾಗಿ ಅಂಟಿಕೊಂಡಿದೆ ಎಂಬುದು ಕಾಣುತ್ತದೆ. ನಮ್ಮಲ್ಲಿ ಹಲವರು ಕಚೇರಿಯ ಅರ್ಧ ದಿನದ ತರಬೇತಿಯಲ್ಲಿ ಇದನ್ನು ಮಾಡಿ, ಸಮೋಸ ತಿಂದು ಎದ್ದು ಬಂದಿರುತ್ತೇವೆ.

ನನಗೆ ಅದಕ್ಕಿಂತ ಮುಖ್ಯವೆನಿಸುವುದು ಇದೇ ಇಬ್ಬರು 1995ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗ. ಮೊದಲ ದಿನ ಹೆಸರುಗಳ ಪಟ್ಟಿಯೊಂದನ್ನು ಓದಿಸುತ್ತಾರೆ. ಕೆಲವು ಪ್ರಸಿದ್ಧರವು, ಉಳಿದವು ಯಾರದ್ದೋ. ಮರುದಿನ ಹೊಸ ಹೆಸರುಗಳನ್ನು ಬೆರೆಸಿ ಕೇಳುತ್ತಾರೆ: ಇವರಲ್ಲಿ ಪ್ರಸಿದ್ಧರು ಯಾರು? ನಿನ್ನೆ ಕಣ್ಣಿಗೆ ಬಿದ್ದ ಅನಾಮಧೇಯ ಹೆಸರು ಇವತ್ತು 'ಎಲ್ಲೋ ಕೇಳಿದ ಹಾಗಿದೆ' ಅನ್ನಿಸುತ್ತದೆ. ಎಲ್ಲಿ ಎಂಬುದು ಮರೆತಿರುತ್ತದೆ. ಆ ಪರಿಚಯವನ್ನೇ ಜನ ಪ್ರಸಿದ್ಧಿ ಎಂದುಕೊಳ್ಳುತ್ತಾರೆ. ಗಂಡಸಿನ ಹೆಸರಾದರೆ ಹೆಚ್ಚು ಸಲ, ಹೆಂಗಸಿನದಾದರೆ ಕಡಿಮೆ ಸಲ. ಗಂಡುಹೆಸರಿಗೆ ಸಾಕಾಗುವಷ್ಟು ಪರಿಚಯ ಹೆಣ್ಣುಹೆಸರಿಗೆ ಸಾಲುವುದಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ತ್ರಿವೇಣಿ. 'ಶರಪಂಜರ' ಎಂದು ಹೇಳಿ ನೋಡಿ. ಮೊದಲು ಬಾಯಿಗೆ ಬರುವುದು ಪುಟ್ಟಣ್ಣ, ಆಮೇಲೆ ಕಲ್ಪನಾ. ಮನೋರೋಗದಿಂದ ಗುಣವಾಗಿ ಬಂದ ಹೆಣ್ಣನ್ನು ಮನೆಯೇ ಮತ್ತೆ ಹುಚ್ಚಿಗೆ ತಳ್ಳುವ ಕಥೆಯನ್ನು ಕಟ್ಟಿದವರು ಸಿನಿಮಾ ಬರುವ ಹೊತ್ತಿಗಾಗಲೇ, 1963ರಲ್ಲಿ, ತೀರಿಕೊಂಡಿದ್ದರು. ಕಥೆ ನಮ್ಮೊಳಗೆ ಉಳಿದಿದೆ, ಯಾರದು ಎಂಬುದು ಜಾರಿದೆ. ತಲೆಮಾರುಗಳ ಓದುಗರು ತ್ರಿವೇಣಿಯವರನ್ನು ಓದಿದ್ದಾರೆ. ವಿಮರ್ಶೆ ಮಾತ್ರ ಬಹುಕಾಲ ಅದನ್ನು 'ಜನಪ್ರಿಯ' ಎಂಬ ಬದಿಯ ಕಪಾಟಿನಲ್ಲಿಟ್ಟಿತು.

ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳೂ ಗಂಡಸರವೇ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ. ಕನ್ನಡದ ಲೇಖಕಿಯೊಬ್ಬರಿಗೆ, ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ, ಬಂದದ್ದು 2004ರಲ್ಲಿ. ತೀರ್ಪುಗಾರರೆಲ್ಲ ಹೆಣ್ಣುದ್ವೇಷಿಗಳು ಎನ್ನಬೇಕಾಗಿಲ್ಲ. ದ್ವೇಷವಿಲ್ಲದೆಯೂ ಇಷ್ಟೆಲ್ಲ ನಡೆಯಬಹುದು ಎಂಬುದೇ ಆ ಪ್ರಯೋಗ ಹೇಳುವ ಕಹಿ ಸಂಗತಿ.

ಪುಸ್ತಕದ ಮೇಲೆ ನನ್ನ ತಕರಾರು ಇಲ್ಲೇ. ಅದು ದೋಷವನ್ನು ಒಬ್ಬೊಬ್ಬರ ತಲೆಯೊಳಗೆ ಹುಡುಕುತ್ತದೆ, ಅಂಕ ಕೊಡುತ್ತದೆ. ಆ ಅಂಕ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ. ನಮ್ಮ ನಡವಳಿಕೆಯನ್ನು ಅದು ಎಷ್ಟು ಮುಂಗಾಣುತ್ತದೆ ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲೇ ಜಗಳವಿದೆ. ತಲೆಯೊಳಗೆ ಹೆಸರು ತುಂಬುವ ಪಟ್ಟಿಗಳು, ಅಂದರೆ ಪಠ್ಯ, ಪ್ರಶಸ್ತಿ, ಸಂಕಲನ, ಇವು ಹಿನ್ನೆಲೆಗೆ ಸರಿಯುತ್ತವೆ. ಕೊನೆಯ ಅಧ್ಯಾಯದಲ್ಲಿ ಒಂದು ಒಳ್ಳೆಯ ಮಾತಿದೆ: ಅಮೆರಿಕದ ವಾದ್ಯವೃಂದಗಳು ಕಲಾವಿದರನ್ನು ಪರದೆಯ ಹಿಂದೆ ಕೂರಿಸಿ ಆಯ್ಕೆ ಮಾಡತೊಡಗಿದ ಮೇಲೆ ಹೆಂಗಸರ ಸಂಖ್ಯೆ ಏರಿದ್ದು. ಇದಕ್ಕೆ ಇನ್ನಷ್ಟು ಪುಟ ಕೊಡಬೇಕಿತ್ತು.

ನಮ್ಮಲ್ಲೂ ಪರದೆ ಇಲ್ಲದಿಲ್ಲ. 'ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿರಲಿ' ಎಂದು ಕಥಾಸ್ಪರ್ಧೆಯ ನಿಯಮ ಹೇಳುತ್ತದಲ್ಲ, ಅದೇ. ಆದರೆ ಹೊರನಾಡ ಸಂಘಗಳ ಸಾಹಿತ್ಯೋತ್ಸವದ ಪಟ್ಟಿ ತಯಾರಾಗುವುದು ಫೋನಿನಲ್ಲಿ, ನೆನಪಾದ ಹೆಸರುಗಳಿಂದ. ಅಲ್ಲಿ ಬೆಳಗಿನ ಗೋಷ್ಠಿ 'ಕನ್ನಡ ಕಥನ'. ಊಟವಾದ ಮೇಲೆ, ಅರ್ಧ ಸಭಾಂಗಣ ಖಾಲಿಯಾದಾಗ, 'ಮಹಿಳಾ ಗೋಷ್ಠಿ'.