ಹಾಡಿನ ಮರೆಯಲ್ಲಿ ಉಳಿದ ನಟಿ

ಶಾಂತಾ ಹುಬ್ಳೀಕರ್ ಹೆಸರು ಬಂದರೆ ನಮ್ಮ ಕಡೆಯವರು ಎರಡು ಮಾತು ಹೇಳುತ್ತಾರೆ: ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಮಗಳು, ‘ಕಶಾಲಾ ಉದ್ಯಾಚೀ ಬಾತ್’ ಹಾಡಿದಾಕೆ. ಮರಾಠಿ ವಿಮರ್ಶಕರು ಮೂರನೆಯದನ್ನು ಸೇರಿಸುತ್ತಾರೆ: ವಿ. ಶಾಂತಾರಾಮ್ ಕಡೆದ ಮೂರ್ತಿ. ಊರು, ಹಾಡು, ನಿರ್ದೇಶಕ ಎಲ್ಲಕ್ಕೂ ಇಲ್ಲಿ ಜಾಗವಿದೆ. ಅಭಿನಯಕ್ಕೆ ಮಾತ್ರ ಇಲ್ಲ.

ಅದರಗುಂಚಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಹಳ್ಳಿ. ಗದಗಿನ ಗರುಡ ಸದಾಶಿವರಾಯರ ನಾಟಕ ಕಂಪನಿಯ ಈ ಸೀಮೆಗೆ ಮರಾಠಿ ರಂಗಭೂಮಿ ಹೊರಗಿನದಾಗಿರಲಿಲ್ಲ. ಆದ್ದರಿಂದ ರಾಜಮ್ಮ ಎಂಬ ಹುಟ್ಟುಹೆಸರಿನ ಈಕೆ ಶಾಂತಾ ಆಗಿ ಪುಣೆಯ ಪ್ರಭಾತ್ ಚಿತ್ರ ಕಂಪನಿ ಸೇರಿದ್ದು ವಿಶೇಷವಲ್ಲ. ಅಲ್ಲಿ ಅವರು ಮಾಡಿದ ಕೆಲಸ ವಿಶೇಷ.

1939ರ ‘ಮಾಣೂಸ್’ ಚಿತ್ರದ ಆ ಹಾಡನ್ನೇ ನೋಡೋಣ. ಮೈನಾ ವೇಶ್ಯೆ. ನಾಳೆಯ ಮಾತು ಯಾಕೆ ಎಂದು ಹಾಡುತ್ತಾಳೆ. ಮಾಸ್ಟರ್ ಕೃಷ್ಣರಾವ್ ರಾಗ ಹಾಕಿದ ಇದನ್ನು ಉಲ್ಲಾಸದ ಹಾಡೆಂದೇ ಎಲ್ಲರೂ ಕೊಂಡಾಡುತ್ತಾರೆ. ಆದರೆ ಅದು ಹಲವು ಭಾಷೆಗಳಲ್ಲಿ ಸಾಗುತ್ತದೆ, ಮೈನಾ ಭಾಷೆಯ ಜೊತೆಗೆ ಬೆಡಗನ್ನೂ ಬದಲಿಸುತ್ತಾಳೆ. ಅದು ಉಲ್ಲಾಸವಲ್ಲ, ದುಡಿಮೆ. ಬಂದವನಿಗೆ ತಕ್ಕ ನುಡಿ, ತಕ್ಕ ನಗೆ ಒದಗಿಸುವುದೇ ಆಕೆಯ ಕಸುಬು. ಶಾಂತಾ ಈ ಪಾತ್ರವನ್ನು ಎರಡು ಸಲ ಕಟ್ಟಿದರು: ಮರಾಠಿಯಲ್ಲಿ ಮೈನಾ, ‘ಆದ್ಮಿ’ ಎಂಬ ಹಿಂದಿ ಆವೃತ್ತಿಯಲ್ಲಿ ಕೇಸರ್. ಎರಡೂ ಅವರ ತಾಯ್ನುಡಿಯಲ್ಲ. ಬೇರೆಯವರ ನುಡಿಯಲ್ಲಿ ದುಡಿದು ಬದುಕುವುದನ್ನು ಬಲ್ಲ ನಟಿಯಾದ್ದರಿಂದಲೇ ಪ್ರತಿ ಚರಣ ಸಲೀಸಾಗಿ ಹೊರಳುತ್ತದೆ, ಆ ಸಲೀಸಿನ ಒಳಗೇ ದಣಿವು ಕೇಳಿಸುತ್ತದೆ. ಇದನ್ನು ಯಾವ ನಿರ್ದೇಶಕನೂ ಹೊರಗಿನಿಂದ ಹೇರಲಾರ.

ಕೊನೆಯ ಭಾಗ ಈ ಓದಿಗೆ ಸಾಕ್ಷಿ. ದುಷ್ಟ ಮಾವನನ್ನು ಕೊಂದು ಜೈಲು ಸೇರಿದ ಮೈನಾಳನ್ನು ಬಿಡಿಸಲು ಪೊಲೀಸ್ ಗಣಪತ್ ಸಿದ್ಧನಿದ್ದಾನೆ. ಅವಳು ಒಲ್ಲೆ ಎನ್ನುತ್ತಾಳೆ. ಎಲ್ಲರಿಗೂ ಒಪ್ಪುವಂತೆ ಬದಲಾಗುತ್ತಿದ್ದವಳು ಮೊದಲ ಬಾರಿಗೆ ತನ್ನ ಮಾತನ್ನು ಆಡುತ್ತಾಳೆ. ಹಾಡನ್ನು ಬರೀ ಉಲ್ಲಾಸವೆಂದು ಕೇಳಿದವರಿಗೆ ಈ ನಿರಾಕರಣೆ ಕೇವಲ ತ್ಯಾಗವಾಗಿ ಕಾಣುತ್ತದೆ. ದುಡಿಮೆಯೆಂದು ಕೇಳಿದವರಿಗೆ ಅದು ಸ್ವಾಭಿಮಾನ.

ಅವರ ಎಲ್ಲ ಚಿತ್ರಗಳೂ ಈ ಎತ್ತರದವಲ್ಲ ಎಂಬುದು ನಿಜ. ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲಿ (1942) ಕನ್ನಡಕ್ಕೆ ಬಂದಾಗಲೂ ಮೈನಾಳಂಥ ಪಾತ್ರ ಸಿಗಲಿಲ್ಲ. ಆದರೆ ನನ್ನ ತಕರಾರು ಇರುವುದು ಅವರ ಬದುಕನ್ನೇ ನೀತಿಕಥೆಯಾಗಿಸುವವರ ಮೇಲೆ. 1990ರಲ್ಲಿ ಬಂದ ಆತ್ಮಕಥೆಗೆ ಆ ಹಾಡಿನದೇ ಹೆಸರು, ಕೊನೆಗಾಲ ಆಶ್ರಮದಲ್ಲಿ ಕಳೆಯಿತು, 1992ರಲ್ಲಿ ತೀರಿಕೊಂಡರು. ಇಷ್ಟು ಸಾಕು, ನಾಳೆಯ ಚಿಂತೆ ಮಾಡದವಳಿಗೆ ಹೀಗಾಯಿತು ಎಂದು ಬರೆದುಬಿಡುತ್ತಾರೆ. ಮೈನಾಳ ಮಾತನ್ನು ಶಾಂತಾರ ತಲೆಗೆ ಕಟ್ಟುವುದು ವಿಮರ್ಶೆಯಲ್ಲ, ಅನ್ಯಾಯ. ಮುಪ್ಪಿನಲ್ಲಿ ದಿಕ್ಕಿಲ್ಲದಂತಾದ ಗಂಡು ನಟರ ಬಗ್ಗೆ ಬರೆಯುವಾಗ ಇದೇ ಜನ ಚಿತ್ರೋದ್ಯಮದ ಕೃತಘ್ನತೆಯನ್ನು ದೂರುತ್ತಾರೆ. ಹೆಣ್ಣಿನ ವಿಷಯ ಬಂದಾಗ ನಡತೆಯ ಲೆಕ್ಕ ತೆಗೆಯುತ್ತಾರೆ.

‘ಮಾಣೂಸ್’ ಶಾಂತಾರಾಮರದ್ದು ಎಷ್ಟೋ ಶಾಂತಾ ಹುಬ್ಳೀಕರರದ್ದೂ ಅಷ್ಟೇ. ಅದರಗುಂಚಿಯ ಹೆಸರು ಹೇಳಿ ಹೆಮ್ಮೆಪಡುವ ನಾವು ಮೊದಲು ಆ ಅಭಿನಯವನ್ನು ನೋಡಲು ಕಲಿಯಬೇಕು. ಹೆಮ್ಮೆಯ ಹಕ್ಕು ಆಮೇಲಿನದು.