ನೂರರಲ್ಲಿ ನಮ್ಮ ಪಾಲು

2014ರಲ್ಲಿ ಬಂದ ‘ಎಲೀಟ್ ಡೇಂಜರಸ್’ ಎಂಬ ಆನ್‌ಲೈನ್ ಆಟದಲ್ಲಿ ಆಟಗಾರರು ಆಕಾಶಗಂಗೆಯಲ್ಲಿ ನೌಕೆ ಓಡಿಸುತ್ತಾರೆ. ಅಲ್ಲಿ ಜನವಸತಿ ಇರುವ ನಕ್ಷತ್ರಗಳ ಸುತ್ತಲ ಗ್ರಹ, ನಿಲ್ದಾಣಗಳ ಮೇಲೆ ಹಲವು ಬಣಗಳ ಕಣ್ಣು. ಪ್ರತಿ ಬಣದ ಪ್ರಭಾವಕ್ಕೂ ಶೇಕಡಾವಾರು ಅಂಕಿ ಉಂಟು. ಯಾರು ವಹಿಸಿದ ಕೆಲಸ ಮಾಡಿದಿರಿ, ಯಾರ ನಿಲ್ದಾಣದಲ್ಲಿ ಲಾಭಕ್ಕೆ ಸರಕು ಮಾರಿದಿರಿ, ಯಾರ ಕಡೆಯವರನ್ನು ಕೊಂದಿರಿ, ಎಲ್ಲವೂ ಲೆಕ್ಕಕ್ಕೆ ಬಂದು ದಿನಕ್ಕೊಮ್ಮೆ ಅಂಕಿ ಬದಲಾಗುತ್ತದೆ. ಜನಸಂಖ್ಯೆ ಹೆಚ್ಚಿರುವ ಕಡೆ ಅದೇ ಕೆಲಸಕ್ಕೆ ಫಲ ಕಡಿಮೆ. ಮೊತ್ತ ಮಾತ್ರ ಯಾವಾಗಲೂ ನೂರು. ಒಬ್ಬರದು ಏರಿದರೆ ಇನ್ನೊಬ್ಬರದು ಇಳಿಯಲೇಬೇಕು.

ಇದನ್ನು ಆಡುವಾಗ ನನಗೆ ನೆನಪಾದದ್ದು ನಮ್ಮೂರು, ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಮತಪತ್ರ ನೋಡಿದರೆ ಊರಿನಲ್ಲಿ ಬಣಗಳೇ ಇಲ್ಲ ಅನ್ನಿಸಬೇಕು. ಆದರೆ ಟೀ ಅಂಗಡಿಯಲ್ಲಿ ಕೂತವರು ಯಾವ ಮನೆಯ ಎಷ್ಟು ಓಟು ಯಾರ ಕಡೆ ಎಂದು ಬೆರಳು ಮಡಿಸಿ ಹೇಳುತ್ತಾರೆ. ಊರು ಬಾಯಿಬಿಟ್ಟು ಒಪ್ಪದ ಸತ್ಯವನ್ನು ಆಟ ಒಪ್ಪುತ್ತದೆ: ಯಾರದೋ ಗಳಿಕೆ ಇನ್ನಾರದೋ ನಷ್ಟ.

ಎಂ.ಎನ್. ಶ್ರೀನಿವಾಸ್ ಈ ಲೆಕ್ಕವನ್ನು ಬೇರೆ ರೀತಿ ಹಾಕಿದ್ದರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ‘ರಾಮಪುರ’ ಎಂದು ಹೆಸರಿಟ್ಟು ಬರೆದರು. ಅವರ ‘ಪ್ರಬಲ ಜಾತಿ’ಯ ಪರಿಕಲ್ಪನೆಯಲ್ಲಿ ತಲೆ ಎಣಿಕೆ, ಜಮೀನು, ರಾಜಕೀಯ ಬಲ, ಜಾತಿಶ್ರೇಣಿಯಲ್ಲಿನ ಸ್ಥಾನ, ಓದು, ನೌಕರಿ ಎಲ್ಲಕ್ಕೂ ತೂಕವಿದೆ. ನನ್ನ ಪ್ರಬಂಧಕ್ಕಾಗಿ ಇದೇ ಮಾದರಿಯಲ್ಲಿ ನಮ್ಮೂರಿನದೊಂದು ಪಟ್ಟಿ ಮಾಡಿದೆ. ಆಟದಲ್ಲಿರುವಂತೆ ಎದುರಿಗೆ ಶೇಕಡಾವಾರು ಅಂಕಿ ಬರೆದೆ. ಅಪ್ಪ ಅದನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಕೇಳಿದರು: “ಇದ್ರಾಗೆ ನಮ್ಮನೆ ಎಲ್ಲೈತೆ?”

ಇರಲಿಲ್ಲ. ಆಟದ ದೋಷವೂ ಇದೇ. ಆಟಗಾರನಿಗೆ ಬಣದೊಳಗೆ ಒಳ್ಳೆಯ ಹೆಸರು ಬರಬಹುದು, ಆದರೆ ಆ ನೂರರಲ್ಲಿ ಅವನಿಗೆ ಪಾಲಿಲ್ಲ. ಅವನು ಹೊರಗೆ ನಿಂತು ಅಂಕಿಗಳನ್ನು ಏರಿಸುತ್ತಾನೆ, ಇಳಿಸುತ್ತಾನೆ. ಬೇಜಾರಾದರೆ ಬೇರೆ ನಕ್ಷತ್ರಕ್ಕೆ ಹೋಗುತ್ತಾನೆ. ಹಳ್ಳಿಯಲ್ಲಿ ಹಾಗೆ ಹೊರಗೆ ನಿಲ್ಲಲು ಜಾಗವಿಲ್ಲ.

1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಶ್ರೀನಿವಾಸರು ಪರಿಷ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಮುಖ್ಯವಾಗಿ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಆ ಪುಸ್ತಕ ಕಥನದಂತೆ ಓದಿಸಿಕೊಳ್ಳಲು ಒಂದು ಕಾರಣ, ಲೆಕ್ಕ ಹಾಕುವವರೂ ಅದರೊಳಗೆ ಇರುವುದು. ಊರಿನ ಮುಖ್ಯಸ್ಥನಿಗೆ ಸೇರಿದ ಮನೆಯಲ್ಲಿ ಉಳಿದ ಬ್ರಾಹ್ಮಣನಿಗೆ ಯಾರ ಮನೆ ಬಾಗಿಲು ತೆರೆಯಿತು, ಯಾರದು ತೆರೆಯಲಿಲ್ಲ ಎಂಬುದು ಅಲ್ಲಿ ಕಾಣುತ್ತದೆ.

ಪಟ್ಟಿಗೆ ಈಗ ಒಂದು ಸಾಲು ಸೇರಿಸಿದ್ದೇನೆ: ನಮ್ಮ ಮನೆ, ಜಮೀನು, ಓಟು, ನನ್ನ ಓದು. ಮೊತ್ತವನ್ನು ಮತ್ತೆ ನೂರಕ್ಕೆ ತರಲು ಬೇರೆ ಮನೆಗಳ ಅಂಕಿಯನ್ನು ಇಳಿಸಬೇಕಾಯಿತು.