ತುಂಬಿದ ಲೋಟಕ್ಕೆ ಚಿನ್ನದ ಉಂಗುರ

ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಆರ್ಕಿಮಿಡೀಸನ ಕಿರೀಟದ ಕಥೆ ಬಂದರೆ ಪ್ರಯೋಗ ಹೆಚ್ಚಾಗಿ ಒಂದೇ: ತುಂಬಿದ ಲೋಟಕ್ಕೆ ವಸ್ತು ಹಾಕು, ಚೆಲ್ಲಿದ ನೀರು ಅಳೆ, ಚಿನ್ನ ಅಸಲಿಯೋ ಬೆರಕೆಯೋ ಹೇಳು. ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನ ಮಕ್ಕಳಿಗೆ ಇದನ್ನು ತೋರಿಸುವ ಮುನ್ನ ಒಮ್ಮೆ ಪರೀಕ್ಷಿಸಬೇಕು.

ಕಲ್ಲಿಗಾದರೆ ಪ್ರಯೋಗ ಸರಿಯೇ. 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಸಿಕ್ಕ ಮಸ್ಕಿಯಲ್ಲಿ ಗ್ರಾನೈಟ್ ಜಾತಿಯ 270 ಗ್ರಾಂ ಕಲ್ಲು ಹೆಕ್ಕಿ ಮುಳುಗಿಸಿದರೆ ಸುಮಾರು 100 ಮಿ.ಲೀ. ನೀರು ಹೊರಬೀಳುತ್ತದೆ. ಅಳೆಯುವುದು ಸುಲಭ.

ಉಂಗುರದ ಲೆಕ್ಕ ಬೇರೆ. 10 ಗ್ರಾಂ ಶುದ್ಧ ಚಿನ್ನ ಸರಿಸುವ ನೀರು ಸುಮಾರು 0.52 ಮಿ.ಲೀ., ಅಷ್ಟೇ ತೂಕದ ತಾಮ್ರ ಸರಿಸುವುದು 1.12 ಮಿ.ಲೀ. 7 ಸೆಂ.ಮೀ. ಅಗಲದ ಲೋಟದಲ್ಲಿ ಚಿನ್ನದಿಂದ ನೀರು ಏರುವುದು 0.13 ಮಿ.ಮೀ. ಮಾತ್ರ. ಅಂಚಿನಲ್ಲಿ ನೀರು ಉಬ್ಬಿ ನಿಲ್ಲುವುದರಿಂದ ಒಂದು ಹನಿಯೂ ಚೆಲ್ಲದಿರಬಹುದು. ಈ ಸಂಶಯ ಹಳೆಯದು. ಆರ್ಕಿಮಿಡೀಸ್ ಸತ್ತು ಸುಮಾರು 200 ವರ್ಷಗಳ ಮೇಲೆ ವಿಟ್ರುವಿಯಸ್ ಬರೆದ ಈ ಕಥೆಯನ್ನು ಒಪ್ಪದ ಗೆಲಿಲಿಯೊ, 1586ರಲ್ಲಿ ವಸ್ತುವನ್ನು ನೀರಿನಲ್ಲಿ ತೂಗುವ ತಕ್ಕಡಿಯನ್ನು ವಿವರಿಸಿದ.

ನಮ್ಮಲ್ಲೂ ಅದೇ ದಾರಿ ಸಾಕು. ಸೂಕ್ಷ್ಮ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಉಂಗುರವನ್ನು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಂ, ಉಂಗುರ ಸರಿಸಿದ ನೀರಿನ ಮಿಲಿಲೀಟರಿಗೆ ಸಮ. ಹರಳು ಕೂರಿಸಿದ, ಅರಗು ತುಂಬಿದ ಒಡವೆಗೆ ಇದು ಸಲ್ಲದು. ಚಿನ್ನದಷ್ಟೇ ಸಾಂದ್ರವಾದ ಟಂಗ್‌ಸ್ಟನ್ ಒಳಗಿದ್ದರೆ ಇದೂ ಮೋಸಹೋಗುತ್ತದೆ.

ಇದೇ ತತ್ವದ ಅತ್ಯುತ್ತಮ ಮನೆಪ್ರಯೋಗ ಸಿಂಧನೂರಿನಂಥ ಭತ್ತದ ಸೀಮೆಗೆ ಒಪ್ಪುವಂಥದ್ದು. ಕೋಳಿಮೊಟ್ಟೆ ತೇಲಿ, ನಾಣ್ಯದಗಲ ಹೊರಗೆ ಕಾಣುವವರೆಗೆ ನೀರಿಗೆ ಉಪ್ಪು ಕರಗಿಸಿ ಬಿತ್ತನೆ ಭತ್ತ ಸುರಿಯುತ್ತಾರೆ. ಉಪ್ಪುನೀರು ಸಾದಾ ನೀರಿಗಿಂತ ಭಾರ. ಹಾಗಾಗಿ ಸಾದಾ ನೀರಿನಲ್ಲಿ ಮುಳುಗಿ ಪಾರಾಗುವ ಅರೆಜೊಳ್ಳೂ ಇಲ್ಲಿ ತೇಲುತ್ತದೆ. ಮುಳುಗಿದ ಗಟ್ಟಿಕಾಳನ್ನು ತೊಳೆದು ಬಿತ್ತುತ್ತಾರೆ. ಇಲ್ಲಿ ಹನಿ ಎಣಿಸಬೇಕಿಲ್ಲ, ಕಣ್ಣಿಗೆ ಕಂಡದ್ದೇ ತೀರ್ಪು.

ಶಿಕ್ಷಕರೇ, ಕಿರೀಟದ ಕಥೆ ಹೇಳಿ, ಬಿಡಬೇಡಿ. ಆದರೆ ಚೆಲ್ಲದ ನೀರನ್ನು ಚೆಲ್ಲಿತೆಂದು ಮಕ್ಕಳಿಂದ ಬರೆಸಬೇಡಿ. ಕಲ್ಲನ್ನು ಲೋಟದಲ್ಲಿ, ಉಂಗುರವನ್ನು ತಕ್ಕಡಿಯಲ್ಲಿ, ಭತ್ತವನ್ನು ಉಪ್ಪುನೀರಿನಲ್ಲಿ ಅವರ ಕೈಯಿಂದಲೇ ಮಾಡಿಸಿ.